ಮೇಜಿ ಕಾಲದ ಬೆಳ್ಳಿ ಟ್ರೇಯೋ, 950 ಮುದ್ರೆಯದೋ?

ಜಪಾನಿನ ಹಳೆ ಬೆಳ್ಳಿ ಟ್ರೇ ಕೊಳ್ಳುವವರಿಗೆ ಸಾಮಾನ್ಯವಾಗಿ ಎರಡು ಬಗೆ ಎದುರಾಗುತ್ತವೆ. ಒಂದು ಮೇಜಿ ಕಾಲದ್ದು (1868–1912). ಯೊಕೊಹಾಮಾದಂಥ ಬಂದರುಗಳಲ್ಲಿ ವಿದೇಶಿಯರಿಗೆಂದೇ ಮಾಡಿ ಮಾರಿದ ಮಾಲು. ಇನ್ನೊಂದು ಎರಡನೇ ಮಹಾಯುದ್ಧದ ನಂತರದ್ದು, ಹಿಂದೆ ‘ಸ್ಟರ್ಲಿಂಗ್ 950’ ಎಂದು ಒತ್ತಿರುತ್ತದೆ.

ಎರಡನೆಯದರ ಲೆಕ್ಕ ಸುಲಭ. 950 ಅಂದರೆ ಸಾವಿರ ಪಾಲಿನಲ್ಲಿ 950 ಪಾಲು ಬೆಳ್ಳಿ, ಹಾಗಾಗಿ 800 ಗ್ರಾಂ ಟ್ರೇಯಲ್ಲಿ 760 ಗ್ರಾಂ ಶುದ್ಧ ಬೆಳ್ಳಿ. ಮಾಮೂಲಿ ಸ್ಟರ್ಲಿಂಗ್ 925 ಮಾತ್ರ, ಇದು ಅದಕ್ಕಿಂತ ಜಾಸ್ತಿ. ಕೊಳ್ಳುವ ದಿನದ ಬೆಳ್ಳಿ ದರದ ಆಸುಪಾಸಿನಲ್ಲಿ ಸಿಕ್ಕರೆ ನಷ್ಟವಿಲ್ಲ. ದಿನಾ ಕಾಫಿ ಲೋಟ ಇಟ್ಟು ತರಬಹುದು.

ಮೇಜಿ ಟ್ರೇಯನ್ನು ತಕ್ಕಡಿಗೆ ಹಾಕಿದರೆ ಸುಮ್ನೆ ಮೋಸ ಹೋಗುತ್ತೀರಿ. ಅಲ್ಲಿ ಬೆಲೆ ಕೈಕೆಲಸಕ್ಕೆ. ಅಂಚಿನಲ್ಲಿ ಐರಿಸ್ ಹೂಗಳಿದ್ದರೆ ಒಂದೊಂದಾಗಿ ನೋಡಿ. ಕೈಯಲ್ಲಿ ಬಡಿದದ್ದಾದರೆ ಒಂದರ ಎಸಳು ಇನ್ನೊಂದರಂತೆ ಇರುವುದಿಲ್ಲ. ಎಲ್ಲವೂ ಅಚ್ಚು ಹಾಕಿದಂತಿದ್ದರೆ ಅನುಮಾನಿಸಿ. ಟ್ರೇಯ ನಡುಭಾಗಕ್ಕೆ ಬಾಯಿಂದ ಹಬೆ ಊದಿ. ಹಿಂದೆ ಕೆತ್ತಿಸಿ ಆಮೇಲೆ ಅಳಿಸಿದ ಹೆಸರಿನ ಗುರುತು ಮಸುಕಾಗಿ ಕಂಡೀತು. ಅಲ್ಲಿ ತಗಡು ತೆಳುವಾಗಿರುತ್ತದೆ, ಬೆಲೆಯೂ ಇಳಿಯಬೇಕು.

ಮುದ್ರೆ? ‘ಜುನ್‌ಗಿನ್’ ಎಂಬ ಎರಡು ಜಪಾನಿ ಅಕ್ಷರ, ಅಂದರೆ ಶುದ್ಧ ಬೆಳ್ಳಿ, ಮಾಡಿದವರೇ ಒತ್ತಿದ್ದು. ಜಪಾನಿನ ಸರ್ಕಾರಿ ಟಂಕಸಾಲೆಯ ಬಾವುಟದ ಮುದ್ರೆ ಶುರುವಾದದ್ದೇ 1929ರಲ್ಲಿ. ಆ ಬಾವುಟ ತೋರಿಸಿ ‘ಇದು ಮೇಜಿ ಕಾಲದ್ದು’ ಎಂದರೆ ಕಥೆ ಕೂಡಲ್ಲ, ಅಲ್ವಾ?

ನನ್ನ ಆಯ್ಕೆ ಮೇಜಿಯದ್ದೇ, ಆದರೆ ಹೂವಿನ ಗೆರೆಗಳು ಚೂಪಾಗಿದ್ದರೆ ಮಾತ್ರ. ತಿಕ್ಕಿ ತಿಕ್ಕಿ ಸವೆಸಿದ ಐರಿಸ್‌ಗಿಂತ ಬೋಳು 950 ವಾಸಿ.