ಸೀಸ ತೋರಿಸುವ 16-ಇನ್-1 ಪಟ್ಟಿ: ಕ್ಲೋರಿನ್‌ಗೆ ಸರಿ, ಸೀಸಕ್ಕೆ ಬೇಡ

ಆನ್‌ಲೈನಿನಲ್ಲಿ ಸಿಗುವ ಈ ಅಗ್ಗದ ಪಟ್ಟಿಯನ್ನು ನೀರಿಗೆ ಅದ್ದಿ, ಬಣ್ಣ ನೋಡಿ 16 ಅಂಶ ತಿಳಿಯಬಹುದು. ಅದರಲ್ಲಿ ನೀರಿನ ಗಡಸುತನ, ಕ್ಲೋರಿನ್ ನೋಡಲು ಅಡ್ಡಿಯಿಲ್ಲ. ಸೀಸಕ್ಕೆ ಮಾತ್ರ ನಂಬಬೇಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ, ಅಂದರೆ 10 ಪಿಪಿಬಿ (ನೂರು ಕೋಟಿಯಲ್ಲಿ 10 ಭಾಗ). ಡಬ್ಬಿಯ ಮೇಲಿನ ಬಣ್ಣದ ಸಾಲಿನಲ್ಲಿ ಸೊನ್ನೆ ಬಿಟ್ಟರೆ ನೇರ 20! ಆ ಎರಡು ಛಾಯೆಗಳ ವ್ಯತ್ಯಾಸವೂ ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣುವುದು ಕಷ್ಟ. ನೀರಲ್ಲಿ ಕರಗಿದ ಒಟ್ಟು ಲವಣಾಂಶ ತೋರಿಸುವ ಟಿಡಿಎಸ್ ಮೀಟರಂತೂ ಈ ಕೆಲಸಕ್ಕಲ್ಲ.

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಐಸಿಪಿ-ಎಂಎಸ್ (ಅತಿ ಕಡಿಮೆ ಲೋಹವನ್ನೂ ಅಳೆಯುವ ಯಂತ್ರ) ಪರೀಕ್ಷೆ ಮಾಡಿಸಿ. ಕನಿಷ್ಠ 6 ತಾಸು ನಲ್ಲಿ ಮುಟ್ಟದೆ, ಬೆಳಗಿನ ಮೊದಲ 1 ಲೀಟರ್ ಹಿಡಿಯಿರಿ. ನಲ್ಲಿಯ ಜಾಲರಿ ಬಿಚ್ಚಬೇಡಿ, ನೀರು ಹರಿಯಬಿಡಬೇಡಿ. ಹರಿಸಿದರೆ ಹಿತ್ತಾಳೆ ನಲ್ಲಿ, ಹಳೇ ಪಿವಿಸಿ ಪೈಪು ಬಿಟ್ಟ ಸೀಸ ಕೊಚ್ಚಿಹೋಗುತ್ತದೆ. ಎರಡನೇ ಬಾಟಲಿ 5 ನಿಮಿಷ ಹರಿಸಿದ ಮೇಲೆ. ಮೊದಲನೆಯದರಲ್ಲಷ್ಟೇ ಸೀಸವಿದ್ದರೆ ನಲ್ಲಿಯನ್ನೋ ಅದರ ಹಿಂದಿನ ಪೈಪನ್ನೋ ಅನುಮಾನಿಸಿ.