ಗುಂಡಿಗಿಂತ ಕಾಯುವಿಕೆಯೇ ಜಾಸ್ತಿ ಕಾಡುತ್ತದೆ

‘ಎನಿಮಿ ಅಟ್ ದ ಗೇಟ್ಸ್’ (2001) ಸಿನಿಮಾ ಮೊನ್ನೆ ಮೂರನೇ ಸಲ ನೋಡಿದೆ. 1942, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ನುಗ್ಗಿದ ಸೋವಿಯತ್ ನಗರ ಸ್ಟಾಲಿನ್‌ಗ್ರಾಡ್. ವೋಲ್ಗಾ ನದಿ ದಾಟುವ ದೋಣಿಗಳ ಮೇಲೆ ವಿಮಾನಗಳು ಗುಂಡು ಸುರಿಸುವಾಗ ಈಗಲೂ ಕೈ ತಣ್ಣಗಾಯಿತು.

ನನಗೆ ತುಂಬಾ ಇಷ್ಟ ಕಾರಂಜಿಯ ದೃಶ್ಯ. ಹೆಣಗಳ ನಡುವೆ ಮಲಗಿದ ಸೋವಿಯತ್ ಸ್ನೈಪರ್ (ಅಡಗಿ ಕೂತು ಗುರಿಯಿಟ್ಟು ಹೊಡೆಯುವವನು) ವಾಸಿಲಿ ಜೈತ್ಸೆವ್ ಬಾಂಬ್ ಸಿಡಿಯುವ ಸದ್ದಿಗೇ ಕಾಯುತ್ತಾನೆ. ಸಿಡಿದ ಕ್ಷಣವೇ ಟ್ರಿಗರ್ ಒತ್ತುತ್ತಾನೆ. ತನ್ನ ಗುಂಡಿನ ಸದ್ದು ಯಾರಿಗೂ ಕೇಳಬಾರದು, ಅಲ್ವಾ? ಎದುರಾಳಿ ಜರ್ಮನ್ ಸ್ನೈಪರ್ ಮೇಜರ್ ಕೋನಿಗ್ ಆಗಿ ಎಡ್ ಹ್ಯಾರಿಸ್ ಮಾತು ಕಡಿಮೆ, ಕಣ್ಣೇ ಎಲ್ಲ.

ಪ್ರೇಮಕಥೆ ಮಾತ್ರ ಸುಮ್ನೆ ಎಳೆದಂತಿದೆ. ಇನ್ನೊಂದು ಮಾತು: ಜೈತ್ಸೆವ್ ನಿಜವಾಗಿ ಇದ್ದವನು, ಸ್ಟಾಲಿನ್‌ಗ್ರಾಡ್‌ನಲ್ಲಿ 225 ಜನರನ್ನು ಹೊಡೆದನೆಂದು ಸೋವಿಯತ್ ಲೆಕ್ಕ. ಕೋನಿಗ್ ಇದ್ದನೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಇದು ತಿಳಿದಿದ್ದರೂ ಕೊನೆಯ ರೈಲ್ವೆ ಯಾರ್ಡ್ ದೃಶ್ಯದಲ್ಲಿ ಉಸಿರು ಬಿಗಿಹಿಡಿದೇ ಕೂತಿದ್ದೆ.