ಆರ್‌ಸಿ ಟ್ರಕ್‌ಗೆ ‘ಅಪ್‌ಗ್ರೇಡ್ ಪ್ಯಾಕೇಜ್’ ಹಾಕಿಸುವ ಮುಂಚೆ ಇದನ್ನು ಓದಿ

ಆರ್‌ಸಿ ಕ್ರಾಲರ್ ಟ್ರಕ್ (ರಿಮೋಟ್‌ನಿಂದ ಓಡಿಸುವ, ಬಂಡೆ ಹತ್ತುವ ಪುಟ್ಟ ಟ್ರಕ್) ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರಿಗೆ ಈ ಬರಹ. ಈಗಾಗಲೇ ಕೊಂಡು, ಅಂಗಡಿಯವರು ಹೇಳಿದಂತೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಿರುವವರಿಗೂ ಇದು ಬೇಕು. ನಾನು ಮತ್ತು ನನ್ನ ತಮ್ಮ ಸೇರಿ ಬೆಂಗಳೂರಿನ ಒಂದು ಹಾಬಿ ಅಂಗಡಿಯಲ್ಲಿ 1/10 ಅಳತೆಯ ಟ್ರಕ್ ಕೊಂಡೆವು. ಬೆಲೆ 60 ಸಾವಿರದ ಆಸುಪಾಸು. ವರ್ಷ ತುಂಬುವಷ್ಟರಲ್ಲಿ ಅದರ ಮೇಲೆ ಹೆಚ್ಚೂಕಡಿಮೆ ಅಷ್ಟೇ ದುಡ್ಡು ಮತ್ತೆ ಸುರಿದಿದ್ದೆವು. ಇಷ್ಟಾದರೂ ಟ್ರಕ್ ಮೊದಲಿಗಿಂತ ಕೆಟ್ಟದಾಗಿ ಓಡುತ್ತಿತ್ತು. ಇದು ಹೇಗಾಯ್ತು ಅಂತ ಪೂರ್ತಿ ಹೇಳುತ್ತೇನೆ.

ಮೊದಲ ಖರ್ಚು ಬಾಕ್ಸ್ ತೆಗೆದ ದಿನವೇ ಬರುತ್ತದೆ. ಈ ದರ್ಜೆಯ ಬಹಳಷ್ಟು ಟ್ರಕ್‌ಗಳ ಜೊತೆ ಬ್ಯಾಟರಿಯೂ ಇರುವುದಿಲ್ಲ, ಚಾರ್ಜರೂ ಇರುವುದಿಲ್ಲ. 2017ರಲ್ಲಿ ಬಂದ, ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 ಕ್ರಾಲರ್ ಕೂಡ ಹಾಗೇ ಮಾರಾಟವಾಗುತ್ತಿತ್ತು. ಇದು ಬಾಕ್ಸ್ ಮೇಲೆ ಬರೆದಿರುತ್ತದೆ, ಆದರೆ ಅಂಗಡಿಯಲ್ಲಿ ಬೆಲೆ ಮಾತಾಡುವಾಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಅದರ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್, ಬೆಂಕಿ ತಡೆಯುವ ಚೀಲ, ಕನೆಕ್ಟರ್ ಹೊಂದದಿದ್ದರೆ ಅದಕ್ಕೊಂದು ಅಡಾಪ್ಟರ್. ಇದೆಲ್ಲ ಸೇರಿಸಿ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಲಿಪೋ ವಿಷಯದಲ್ಲಿ ಮಾತ್ರ ಅಗ್ಗದ ಮಾಲಿಗೆ ಹೋಗಬೇಡಿ. ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ, 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಸ್ವಲ್ಪ ಉಬ್ಬಿದ ಬ್ಯಾಟರಿಯನ್ನು ‘ಏನೂ ಆಗಲ್ಲ ಸಾರ್’ ಅಂತ ಕೊಟ್ಟರೆ ಮುಟ್ಟಲೇಬೇಡಿ.

ಟ್ರಕ್ ಮೊದಲು ಚೆನ್ನಾಗೇ ಇತ್ತು. ರಾಮನಗರದ ಕಡೆ ಬಂಡೆಗಳ ಮೇಲೆ ನಿಧಾನವಾಗಿ, ಒಂದೊಂದೇ ಚಕ್ರ ಊರಿಕೊಂಡು ಹತ್ತುತ್ತಿತ್ತು. ಕ್ರಾಲರ್‌ನ ಖುಷಿಯೇ ಅದು ಅಲ್ವಾ? ಸರ್ವಿಸ್‌ಗೆ ಅಂತ ಅಂಗಡಿಗೆ ಒಯ್ದಾಗ ಶುರುವಾಯಿತು ನೋಡಿ. ‘ಈ ಮೋಟಾರ್‌ನಲ್ಲಿ ಏನಿದೆ? ಬ್ರಷ್‌ಲೆಸ್ ಹಾಕಿಸಿ, 3ಎಸ್ ಬ್ಯಾಟರಿ ಹಾಕಿ, ಬೇರೆ ಗಾಡಿನೇ ಆಗಿಬಿಡುತ್ತೆ’ ಅಂದರು. ಬ್ರಷ್‌ಲೆಸ್ ಅಂದರೆ ಒಳಗೆ ಬ್ರಷ್ ಇಲ್ಲದ ಮೋಟಾರ್, 3ಎಸ್ ಅಂದರೆ ಮೂರು ಸೆಲ್‌ನ ಬ್ಯಾಟರಿ. ಪ್ಯಾಕೇಜ್ ಅಂತ ಒಂದು ರೇಟು ಹೇಳಿದರು. ಮೋಟಾರ್, ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), ಕೆಲಸದ ಕೂಲಿ ಎಲ್ಲ ಅದರಲ್ಲೇ.

ಅವರು ಹಾಕಿದ್ದು ರೇಸಿಂಗ್ ಗಾಡಿಗೆ ಹೊಂದುವ, ಹೆಚ್ಚು ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಇರುವ, ತಿರುಗುವ ಸ್ಥಾನ ತಿಳಿಸುವ ಸೆನ್ಸರ್ ಇಲ್ಲದ ಮೋಟಾರ್. ಕ್ರಾಲರ್‌ಗೆ ಬ್ರಷ್‌ಲೆಸ್ ಹಾಕುವುದಾದರೆ ಸೆನ್ಸರ್ ಇರುವುದು, ಕಡಿಮೆ ಕೆವಿ ಇರುವುದು ಬೇಕು. ಇಲ್ಲದಿದ್ದರೆ ನಿಧಾನದ ವೇಗದಲ್ಲಿ ಮೋಟಾರ್ ತಡವರಿಸುತ್ತದೆ, ಜರ್ಕ್ ಹೊಡೆಯುತ್ತದೆ. ನಮ್ಮದು ಸಮತಟ್ಟು ರಸ್ತೆಯಲ್ಲಿ ಹಾರಿಕೊಂಡು ಹೋಗುತ್ತಿತ್ತು. ಬಂಡೆ ಹತ್ತಿಸಿದರೆ ನಡುಗಿ ನಿಲ್ಲುತ್ತಿತ್ತು, ಮತ್ತೆ ಒಮ್ಮೆಲೇ ಜಿಗಿಯುತ್ತಿತ್ತು. ಆ ಜಿಗಿತಕ್ಕೆ, ಮೋಟಾರ್‌ನ ಬಲವನ್ನು ಆಕ್ಸಲ್‌ಗೆ ಮುಟ್ಟಿಸುವ ಪ್ಲಾಸ್ಟಿಕ್ ಡ್ರೈವ್‌ಶಾಫ್ಟ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು.

‘ಶಾಫ್ಟ್ ವೀಕ್ ಇತ್ತು, ಸ್ಟೀಲ್ ಹಾಕಿ’ ಅಂದರು. ಹಾಕಿಸಿದೆವು. ಶಾಫ್ಟ್ ಗಟ್ಟಿಯಾಯಿತು, ಆದರೆ ಜಿಗಿತದ ಪೆಟ್ಟು ಎಲ್ಲಾದರೂ ಹೋಗಲೇಬೇಕಲ್ಲ. ಅದು ಆಕ್ಸಲ್ ಒಳಗಿನ ಗೇರ್‌ಗೆ ಹೋಯಿತು, ಹಲ್ಲು ಕಿತ್ತುಬಂತು. ಅದಕ್ಕೆ ಬೇರೆ ಗೇರ್ ಸೆಟ್. ಜೊತೆಗೆ ‘ಬ್ಯಾಲೆನ್ಸ್‌ಗೆ’ ಅಂತ ಹಿತ್ತಾಳೆ ನಕಲ್ (ಮುಂದಿನ ಚಕ್ರ ತಿರುಗಲು ಕೂರುವ ಕೀಲು) ಮತ್ತು ಚಕ್ರದ ತೂಕಗಳು. ಮುಂದಿನ ಚಕ್ರಗಳು ಭಾರವಾದ ಮೇಲೆ ಹಳೆಯ ಸರ್ವೋಗೆ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರ್ ಡಬ್ಬಿ) ಅವನ್ನು ತಿರುಗಿಸುವ ಶಕ್ತಿ ಸಾಲಲಿಲ್ಲ. 25 ಕೆಜಿ ಸರ್ವೋ ಹಾಕಿದರು, ಆ ಕೆಜಿ ತೂಕವಲ್ಲ, ತಿರುಗಿಸುವ ಬಲದ ಲೆಕ್ಕ. ದೊಡ್ಡ ಸರ್ವೋ ಕಲ್ಲಿಗೆ ಸಿಕ್ಕಿ ಒದ್ದಾಡುವಾಗ ಎಳೆಯುವ ಕರೆಂಟನ್ನು ಇಎಸ್‌ಸಿ ಒಳಗಿನ ಬಿಇಸಿ (ಸರ್ವೋ, ರಿಸೀವರ್‌ಗೆ ಕರೆಂಟ್ ಕೊಡುವ ಭಾಗ) ಕೊಡಲಾರದೆ, ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್ ಆಫ್ ಆಗಿ ಆನ್ ಆಗತೊಡಗಿತು. ಅಂದರೆ ಗಾಡಿ ನಡುಬಂಡೆಯಲ್ಲಿ ಕೈಕೊಡುವುದು. ಅದಕ್ಕೊಂದು ಹೊರಗಿನ ಬಿಇಸಿ. ಹೀಗೆ ಪ್ರತಿ ಸಲವೂ ಕಾರಣ ಸರಿಯಾಗೇ ಕೇಳಿಸುತ್ತಿತ್ತು. ಪ್ರತಿ ಸಲವೂ ಬಿಲ್ ಬೇರೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಸರ್ವೋ ವಿಷಯಕ್ಕೆ. ಮೇಲೆ ‘ಫುಲ್ ಮೆಟಲ್ ಗೇರ್’, ‘ವಾಟರ್‌ಪ್ರೂಫ್’ ಅಂತ ಸ್ಟಿಕ್ಕರ್ ಇತ್ತು. ಸ್ವಲ್ಪ ದಿನಕ್ಕೇ ಕಿರ್ರ್ ಅಂತ ಸದ್ದು. ತಮ್ಮ ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದ. ಹೊರಗೆ ಕಾಣುವ ಕೊನೆಯ ಗೇರ್ ಮಾತ್ರ ಲೋಹದ್ದು. ಅದರ ಹಿಂದಿನ ಗೇರ್‌ಗಳು ಬಿಳಿ ಪ್ಲಾಸ್ಟಿಕ್, ಒಂದರ ಹಲ್ಲು ಪುಡಿಯಾಗಿ ಗ್ರೀಸ್‌ನಲ್ಲಿ ಅಂಟಿಕೊಂಡಿತ್ತು. ಮುಚ್ಚಳದ ಸುತ್ತ ರಬ್ಬರ್ ಸೀಲ್ ಇರಬೇಕಾದ ಜಾಗ ಖಾಲಿ. ಸ್ಟಿಕ್ಕರ್ ಒಂದು ಹೆಸರಾಂತ ಕಂಪನಿಯದು, ಒಳಗಿನದು ನಕಲಿ. ನಮ್ಮಿಂದ ತೆಗೆದುಕೊಂಡದ್ದು ಅಸಲಿಯ ಬೆಲೆ. ಕೇಳಿದರೆ ‘ನಮಗೆ ಹೀಗೇ ಬಂತು’ ಅಂದರು, ಬದಲಾಯಿಸಿ ಕೊಡಲಿಲ್ಲ.

ಇನ್ನೊಂದು ಮಾತು. ನಮ್ಮ ಟ್ರಕ್‌ನಿಂದ ತೆಗೆದ ಅಸಲಿ ಮೋಟಾರ್, ಇಎಸ್‌ಸಿ, ಸರ್ವೋ ಎಲ್ಲಿ ಅಂತ ಕೇಳಿದರೆ ‘ಅದೆಲ್ಲ ವೇಸ್ಟ್, ಎಸೆದುಬಿಟ್ಟೆ’ ಅನ್ನುವ ಉತ್ತರ. ಅವು ವೇಸ್ಟ್ ಅಲ್ಲ. ಚೆನ್ನಾಗಿ ಓಡುತ್ತಿದ್ದ ಪಾರ್ಟ್‌ಗಳು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಅವು ಕೈಯಲ್ಲಿದ್ದಿದ್ದರೆ ಟ್ರಕ್ಕನ್ನು ಒಂದೇ ಸಂಜೆಯಲ್ಲಿ ಮೊದಲಿನ ಹಾಗೆ ಮಾಡಬಹುದಿತ್ತು. ತೆಗೆದ ಪ್ರತಿ ಪಾರ್ಟನ್ನೂ ಎಣಿಸಿ ಮನೆಗೆ ತನ್ನಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಅಂಥ ಕಡೆ ಗಾಡಿ ಬಿಡಬೇಡಿ.

ಬೆಲೆ ಯಾಕೆ ಇಷ್ಟು ಅಂದಾಗಲೆಲ್ಲ ಒಂದೇ ಉತ್ತರ: ‘ಡ್ಯೂಟಿ ಸಾರ್.’ ಅದರಲ್ಲಿ ಅರ್ಧ ಸತ್ಯ ಇದೆ. ಹೊರದೇಶದ ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ 20 ಪರ್ಸೆಂಟ್‌ನಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಯಿತು. ಲಿಥಿಯಂ ಅಯಾನ್ ಬ್ಯಾಟರಿಯನ್ನು (ಲಿಪೋ ಕೂಡ ಇದೇ ಜಾತಿ) ಬಿಡಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ, ಅದಕ್ಕೇ ಬ್ಯಾಟರಿ ತರಿಸುವುದು ಅಷ್ಟು ಕಷ್ಟ. ಇದೆಲ್ಲ ನಿಜವೇ. ಆದರೆ ಮೋಟಾರ್, ಬೇರಿಂಗ್, ಸ್ಕ್ರೂ ಎಲ್ಲವನ್ನೂ ಕಸ್ಟಮ್ಸ್‌ನವರು ಒಂದೇ ಲೆಕ್ಕದಲ್ಲಿ ಹಾಕುವುದಿಲ್ಲ. ಇಲ್ಲೇ ಸಿಗುವ ಬೇರಿಂಗ್‌ಗೂ ನಮ್ಮಿಂದ ಡ್ಯೂಟಿ ಹೆಸರಲ್ಲಿ ಮೂರು ಪಟ್ಟು ತೆಗೆದುಕೊಂಡಿದ್ದರು. ಬೇರಿಂಗ್ ಮೇಲಿನ ಅಳತೆ ನೋಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಮ್ಮೆ ವಿಚಾರಿಸಿ.

ನೀವೇ ತರಿಸುತ್ತೇನೆ ಅಂದರೂ ಹುಷಾರು. ಸುಂಕ ಬರೀ ಪಾರ್ಟ್ ಬೆಲೆಗೆ ಅಲ್ಲ, ಸಾಗಾಟದ ಖರ್ಚನ್ನೂ ಸೇರಿಸಿ ಹಾಕುತ್ತಾರೆ. 15 ಡಾಲರ್ ಪಾರ್ಟ್‌ಗೆ 30 ಡಾಲರ್ ಕೊರಿಯರ್ ಆದರೆ ಲೆಕ್ಕ ಶುರುವಾಗುವುದೇ 45ರಿಂದ. ಆಮೇಲೆ ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ ಬೇರೆ. ನಾಲ್ಕು ಜನ ಸೇರಿ ಒಂದೇ ಪಾರ್ಸೆಲ್ ತರಿಸಿದರೆ ತಲಾ ಖರ್ಚು ಕಡಿಮೆ ಆಗಬಹುದು.

ಕಲೆಕ್ಷನ್ ಮಾಡುವವರಿಗೂ ಒಂದು ವಿಷಯ. ‘ಲಿಮಿಟೆಡ್, ಇದೇ ಕೊನೇ ಪೀಸ್’ ಅಂತ ಎರಡನೇ ಟ್ರಕ್ ಕೊಳ್ಳುವ ಮುಂಚೆ ಅದರ ಚಾಸಿ ನೋಡಿ. ಬಹಳ ಸಲ ಒಳಗಿರುವುದು ನಿಮ್ಮ ಮನೆಯಲ್ಲಿರುವ ಟ್ರಕ್ಕೇ, ಬದಲಾಗಿರುವುದು ಬಾಡಿ ಮತ್ತು ಬಣ್ಣ. ಟಿಆರ್‌ಎಕ್ಸ್-4ರಲ್ಲಿ ಡಿಫೆಂಡರ್ ಬಾಡಿ 324 ಮಿಮೀ ವೀಲ್‌ಬೇಸಿನದು (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಬ್ರಾಂಕೋ 312. ಚಾಸಿಯನ್ನು ಆಕ್ಸಲ್‌ಗೆ ಜೋಡಿಸುವ ಸರಳು, ಅಂದರೆ ಲಿಂಕ್ ಬದಲಾಯಿಸಿದರೆ ಒಂದೇ ಚಾಸಿ ಮೇಲೆ ಎರಡನ್ನೂ ಕೂರಿಸಬಹುದು. ಬಾಡಿ ಮಾತ್ರ ಕೊಂಡರೆ ಸಾಕು, ದೊಡ್ಡ ದುಡ್ಡು ಉಳಿಯುತ್ತದೆ. ಇದನ್ನು ನಮಗೆ ಯಾವ ಅಂಗಡಿಯವರೂ ಹೇಳಲಿಲ್ಲ.

ಹಾಗಾದರೆ ಏನನ್ನೂ ಬದಲಾಯಿಸಬಾರದಾ? ಬದಲಾಯಿಸಿ, ಆದರೆ ಮೊದಲು ಬಾಕ್ಸ್‌ನಿಂದ ಬಂದ ಹಾಗೇ ಸಾಕಷ್ಟು ಓಡಿಸಿ. ಏನು ಕೊರತೆ ಅಂತ ಗಾಡಿಯೇ ತೋರಿಸುತ್ತದೆ. ನನ್ನನ್ನು ಕೇಳಿದರೆ ಮೊದಲ ಖರ್ಚು ಮೆತ್ತನೆ ರಬ್ಬರಿನ ಒಳ್ಳೆಯ ಟೈರ್‌ಗೆ ಆಗಬೇಕು. ಬಂಡೆ ಹಿಡಿಯುವುದು ಟೈರ್, ಮೋಟಾರ್ ಅಲ್ಲ. ಇನ್ನೂ ನಿಧಾನ, ಇನ್ನೂ ಬಲ ಬೇಕಾದರೆ ಕಡಿಮೆ ಹಲ್ಲಿನ ಪಿನಿಯನ್ (ಮೋಟಾರ್ ದಂಡಕ್ಕೆ ಕೂರುವ ಸಣ್ಣ) ಗೇರ್ ಹಾಕಿ. ಕೆಲವು ನೂರು ರೂಪಾಯಿಯ ಕೆಲಸ ಅದು. ನಮಗೆ ಅಂದು ಬೇಕಿದ್ದದ್ದು ಅಷ್ಟೇ. ಅಲ್ಯುಮಿನಿಯಂ ಲಿಂಕ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಪ್ಲಾಸ್ಟಿಕ್ ಬಾಗಿ ಮತ್ತೆ ನೇರವಾಗುವ ಕಡೆ ಅಲ್ಯುಮಿನಿಯಂ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ.

ಪ್ಯಾಕೇಜ್ ಅಂದರೆ ಒಳಗಿರುವ ಪ್ರತಿ ಪಾರ್ಟ್‌ನ ಕಂಪನಿ, ಮಾಡೆಲ್ ನಂಬರ್, ಬೆಲೆ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾವು ದೂರು ಕೊಟ್ಟಿದ್ದೇವೆ, ಅದೂ ಸರ್ವೋ ಒಂದರ ಬಗ್ಗೆ ಮಾತ್ರ. ಬಿಲ್ ಇದ್ದದ್ದು ಅದಕ್ಕೊಂದಕ್ಕೇ. ಮಿಕ್ಕಿದ್ದನ್ನೆಲ್ಲ ಸಣ್ಣ ಚೀಟಿ ಮೇಲೆ ‘ಪಾರ್ಟ್ಸ್, ಲೇಬರ್’ ಅಂತ ಬರೆದುಕೊಟ್ಟಿದ್ದರು. ಆ ಚೀಟಿಗಳಲ್ಲಿ ಅಂಗಡಿಯ ಹೆಸರೂ ಇಲ್ಲ.